ಎಲ್ಲರೂ ಸೇರಿ ಬರೆದ ನಕ್ಷೆ

2010ರ ಜನವರಿ 12ರಂದು ಕೆರಿಬಿಯನ್ ಸಮುದ್ರದ ಪುಟ್ಟ ದೇಶ ಹೈಟಿಯಲ್ಲಿ ಭೀಕರ ಭೂಕಂಪ ಸಂಭವಿಸಿತು. ಅದರ ತೀವ್ರತೆ 7.0. ರಾಜಧಾನಿ ಪೋರ್ಟ್-ಒ-ಪ್ರಿನ್ಸ್‌ನ ಸಾವಿರಾರು ಕಟ್ಟಡಗಳು ನೆಲಕಚ್ಚಿದವು. ಹಲವು ದೇಶಗಳಿಂದ ರಕ್ಷಣಾ ತಂಡಗಳು ಧಾವಿಸಿದವು. ಆದರೆ ಯಾವ ಬೀದಿ ಎಲ್ಲಿಗೆ ಹೋಗುತ್ತದೆ, ಆಸ್ಪತ್ರೆ ಎಲ್ಲಿದೆ ಎಂದು ತೋರಿಸುವ ವಿವರವಾದ ನಕ್ಷೆಯೇ ಸುಲಭವಾಗಿ ಸಿಗುವಂತಿರಲಿಲ್ಲ. ಅವಶೇಷಗಳಡಿ ಸಿಲುಕಿದವರ ಪಾಲಿಗೆ ಒಂದೊಂದು ಗಂಟೆಯೂ ಅಮೂಲ್ಯ.

ಆ ಕೊರತೆಯನ್ನು ತುಂಬಿದವರಲ್ಲಿ ಹೆಚ್ಚಿನವರು ಹೈಟಿಯಿಂದ ಬಹುದೂರ ಇದ್ದವರು. ಅವರಿಗೆ ನೆರವಾದದ್ದು ‘ಓಪನ್‌ಸ್ಟ್ರೀಟ್‌ಮ್ಯಾಪ್’ ಎಂಬ ಅಂತರ್ಜಾಲ ನಕ್ಷೆ. ಇದನ್ನು 2004ರಲ್ಲಿ ಆರಂಭಿಸಿದವರು ಬ್ರಿಟನ್ನಿನ ಸ್ಟೀವ್ ಕೋಸ್ಟ್. ಅಲ್ಲಿನ ಸರ್ಕಾರಿ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆ ಸಿದ್ಧಪಡಿಸಿದ ನಕ್ಷೆಗಳ ಮಾಹಿತಿ ಬಳಸಲು ಆಗ ಹಣ ತೆರಬೇಕಿತ್ತು. ಜನರೇ ಜಿಪಿಎಸ್ ಸಾಧನ ಹಿಡಿದು ಬೀದಿ ಸುತ್ತಿ, ತಾವು ನಡೆದ ಜಾಡನ್ನು ಒಂದೆಡೆ ಸೇರಿಸುತ್ತ ಹೋದರೆ ಎಲ್ಲರಿಗೂ ಉಚಿತವಾದ ನಕ್ಷೆ ರೂಪುಗೊಳ್ಳುತ್ತದೆ ಎಂಬುದು ಕೋಸ್ಟ್ ಅವರ ಯೋಚನೆ.

ಭೂಕಂಪದ ಬಳಿಕ ಉಪಗ್ರಹ ಕಂಪನಿಗಳು ಹೈಟಿಯ ಹೊಸ ಚಿತ್ರಗಳನ್ನು ಉಚಿತವಾಗಿ ಒದಗಿಸಿದವು. ನೂರಾರು ಸ್ವಯಂಸೇವಕರು ತಮ್ಮ ತಮ್ಮ ಊರಿನಲ್ಲೇ ಕಂಪ್ಯೂಟರ್ ಮುಂದೆ ಕುಳಿತು, ಆ ಚಿತ್ರಗಳ ಮೇಲೆ ಗೆರೆ ಎಳೆದು ರಸ್ತೆ, ಕುಸಿದ ಕಟ್ಟಡ, ನಿರಾಶ್ರಿತರ ಡೇರೆಗಳನ್ನು ಗುರುತಿಸಿದರು. ಹೆಚ್ಚುಕಡಿಮೆ ಖಾಲಿಯಾಗಿದ್ದ ನಕ್ಷೆ ಕೆಲವೇ ದಿನಗಳಲ್ಲಿ ಬೀದಿಗಳಿಂದ ತುಂಬಿಕೊಂಡಿತು. ರಕ್ಷಣಾ ತಂಡಗಳು ಅದನ್ನು ತಮ್ಮ ಜಿಪಿಎಸ್ ಸಾಧನಗಳಿಗೆ ಇಳಿಸಿಕೊಂಡು ಬಳಸಿದವು. ಅಚ್ಚಾದ ನಕ್ಷೆಯನ್ನು ತಿದ್ದಬೇಕಾದರೆ ಮತ್ತೆ ಮುದ್ರಿಸಬೇಕು. ಇಲ್ಲಿ ಒಬ್ಬರು ಮಾಡಿದ ತಿದ್ದುಪಡಿ ಸ್ವಲ್ಪ ಹೊತ್ತಿನಲ್ಲೇ ಎಲ್ಲರಿಗೂ ಕಾಣುತ್ತದೆ.

ಇದಕ್ಕೂ ಮಿತಿಗಳಿವೆ. ಆಕಾಶದಿಂದ ತೆಗೆದ ಚಿತ್ರದಲ್ಲಿ ಚಾವಣಿ ಕಾಣುತ್ತದೆ; ಅದು ಶಾಲೆಯೋ ಗೋದಾಮೋ ತಿಳಿಯುವುದಿಲ್ಲ. ಬೀದಿಯ ಹೆಸರಂತೂ ಕಾಣುವುದೇ ಇಲ್ಲ. ಅದನ್ನು ಹೇಳಬಲ್ಲವರು ಅಲ್ಲಿ ವಾಸಿಸುವವರು ಮಾತ್ರ. ಆದ್ದರಿಂದಲೇ ಮುಂದೆ ಹೈಟಿಯ ಜನರಿಗೇ ನಕ್ಷೆ ಬರೆಯುವ ತರಬೇತಿ ನೀಡಲಾಯಿತು. ಯಾರು ಬೇಕಾದರೂ ಬರೆಯಬಹುದಾದ ನಕ್ಷೆಯಲ್ಲಿ ತಪ್ಪುಗಳೂ ನುಸುಳಬಹುದು. ಇಲ್ಲದ ಸೇತುವೆಯೊಂದನ್ನು ತೋರಿಸಿದರೆ ಆಂಬುಲೆನ್ಸ್ ಹೊಳೆಯ ದಡದಲ್ಲಿ ನಿಲ್ಲಬೇಕಾದೀತು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಪರಿಶೀಲಿಸುವುದು ಅದಕ್ಕಾಗಿಯೇ.

ವಿದ್ಯಾರ್ಥಿಗಳು ಇದನ್ನು ಮನೆಯಿಂದಲೇ ಆರಂಭಿಸಬಹುದು. ಮನೆಯಿಂದ ಶಾಲೆಯವರೆಗಿನ ದಾರಿ, ಕೆರೆ, ಬಾವಿ, ಆಸ್ಪತ್ರೆ, ಬಸ್ ನಿಲ್ದಾಣಗಳನ್ನು ಕಾಗದದ ಮೇಲೆ ಗುರುತಿಸಲಿ. ಹೆಸರುಗಳನ್ನು ಅಪ್ಪ ಅಮ್ಮನನ್ನೋ ಅಜ್ಜ ಅಜ್ಜಿಯನ್ನೋ ಕೇಳಿ ಬರೆಯಲಿ. ಆಮೇಲೆ ಅಂತರ್ಜಾಲದ ನಕ್ಷೆಯೊಡನೆ ಹೋಲಿಸಿ ನೋಡಲಿ. ಅಲ್ಲಿ ಏನು ಬಿಟ್ಟುಹೋಗಿದೆ ಎಂಬುದು ಆ ಊರಿನವರಿಗೇ ಚೆನ್ನಾಗಿ ಗೊತ್ತಾಗುತ್ತದೆ.