ತೂಕ ಇಳಿಸಲು ಕ್ಯಾಲೊರಿಗಳ ಲೆಕ್ಕ ಅವಶ್ಯಕವೆ?

ಮಿತಿಮೀರಿದ ಮೈತೂಕವನ್ನು ಇಳಿಸಿಕೊಳ್ಳುವ ಬಗೆ ಹೇಗೆಂಬುದು ಒಂದು ಕಾಲಕ್ಕೆ ನಮ್ಮಲ್ಲಿ ಕೆಲವೇ ಮಂದಿ ಸಿರಿವಂತರ ಪ್ರಶ್ನೆಯಾಗಿದ್ದಿತು. ಇಂದು ಹಾಗಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ 15ರಿಂದ 49 ವರ್ಷ ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 24 ಮಂದಿಯೂ, ಪುರುಷರಲ್ಲಿ ನೂರಕ್ಕೆ ಸುಮಾರು 23 ಮಂದಿಯೂ ಇರಬೇಕಾದುದಕ್ಕಿಂತ ಹೆಚ್ಚಿನ ತೂಕವುಳ್ಳವರು. ಈ ಪ್ರಶ್ನೆಗೆ ಸಿದ್ಧವಾದ ಉತ್ತರವೊಂದು ಎಲ್ಲೆಡೆಯೂ ಕೇಳಿಬರುತ್ತದೆ: ತಿನ್ನುವ ಪ್ರತಿಯೊಂದು ತುತ್ತಿನ ಕ್ಯಾಲೊರಿಗಳನ್ನೂ ಎಣಿಸಿರಿ, ಖರ್ಚಿಗಿಂತ ಜಮೆಯು ಕಡಿಮೆಯಾಗಿರುವಂತೆ ನೋಡಿಕೊಳ್ಳಿರಿ, ತೂಕವು ತಾನಾಗಿಯೇ ಇಳಿಯುವುದು. ಈ ಲೆಕ್ಕವನ್ನಿಡಲು ಕೈಯಲ್ಲಿರುವ ಮೊಬೈಲು ಫೋನೇ ಸಾಕು. ಇದಕ್ಕೆ ನೇರ ಎದುರಾಗಿ, ಕ್ಯಾಲೊರಿಯೆಂಬುದೇ ಒಂದು ಭ್ರಮೆಯೆಂದು ಸಾರುವವರೂ ಉಂಟು.

ಈ ಎರಡು ಪಕ್ಷಗಳೂ ಒಂದೇ ತಪ್ಪನ್ನು ಮಾಡುತ್ತವೆಯೆಂಬುದು ನಮ್ಮ ಅಭಿಪ್ರಾಯ. ನಿಸರ್ಗದ ನಿಯಮವೇ ಬೇರೆ; ಆ ನಿಯಮವನ್ನು ಅನುಸರಿಸಿ ನಾವು ಬರೆಯುವ ಲೆಕ್ಕದ ಪುಸ್ತಕವೇ ಬೇರೆ. ಮೊದಲನೆಯದನ್ನು ಯಾರೂ ಮೀರಲಾರರು. ಎರಡನೆಯದಿಲ್ಲದೆಯೂ ತೂಕವನ್ನು ಇಳಿಸಬಹುದು.

ಮೊದಲು ನಿಯಮದ ಮಾತು. 1780ರ ದಶಕದಲ್ಲಿ ಫ್ರಾನ್ಸಿನ ವಿಜ್ಞಾನಿಗಳಾದ ಲವಾಸಿಯೇ ಮತ್ತು ಲಾಪ್ಲಾಸ್ ಎಂಬವರು ಒಂದು ಗಿನಿಪಿಗ್ಗನ್ನು ಮಂಜುಗಡ್ಡೆಯಿಂದ ಸುತ್ತುವರಿದ ಪಾತ್ರೆಯಲ್ಲಿಟ್ಟು, ಅದರ ಮೈಯ ಶಾಖದಿಂದ ಎಷ್ಟು ಮಂಜು ಕರಗಿತೆಂಬುದನ್ನು ಅಳೆದರು. ಆ ಪ್ರಾಣಿಯು ಹೊರಬಿಟ್ಟ ಇಂಗಾಲಾಮ್ಲ ವಾಯುವನ್ನೂ ಅಳೆದರು. ಉಸಿರಾಟವೆಂಬುದು ಮೆಲ್ಲನೆ ನಡೆಯುವ ಒಂದು ಬಗೆಯ ದಹನವೆಂಬ ಸತ್ಯವು ಇದರಿಂದ ಹೊರಪಟ್ಟಿತು. ಒಲೆಯಲ್ಲಿ ಸೌದೆಯು ಉರಿಯುವಂತೆಯೇ ನಮ್ಮ ದೇಹದಲ್ಲಿ ಆಹಾರವು ಆಮ್ಲಜನಕದೊಡನೆ ಕೂಡಿ ಶಕ್ತಿಯನ್ನು ಕೊಡುತ್ತದೆ. ಈ ಶಕ್ತಿಯನ್ನು ಅಳೆಯುವ ಮಾನವೇ ಕ್ಯಾಲೊರಿ. ಒಂದು ಕಿಲೋಗ್ರಾಮ್ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಂಟಿಗ್ರೇಡಿನಷ್ಟು ಏರಿಸಲು ಬೇಕಾಗುವ ಶಾಖಕ್ಕೆ ಆಹಾರಶಾಸ್ತ್ರದಲ್ಲಿ ಒಂದು ಕ್ಯಾಲೊರಿಯೆಂದು ಹೆಸರು. ಭೌತವಿಜ್ಞಾನದ ಪುಸ್ತಕಗಳಲ್ಲಿ ಇದೇ ಕಿಲೋಕ್ಯಾಲೊರಿ.

ಮನುಷ್ಯನ ಮೇಲೆ ಇದನ್ನು ಪರೀಕ್ಷಿಸಿದವರಲ್ಲಿ ಅಮೆರಿಕದ ಆಟ್‌ವಾಟರ್ ಪ್ರಮುಖನು. 1890ರ ದಶಕದಲ್ಲಿ ಆತನು ರೋಸಾ ಎಂಬ ಭೌತವಿಜ್ಞಾನಿಯೊಡನೆ ಸೇರಿ, ಮನುಷ್ಯನೊಬ್ಬನು ಕೆಲವು ದಿನಗಳವರೆಗೆ ಉಂಡು, ಮಲಗಿ, ಕೆಲಸಮಾಡಿಕೊಂಡಿರಬಹುದಾದಂಥ ಉಷ್ಣಮಾಪಕ ಕೋಣೆಯೊಂದನ್ನು ಕಟ್ಟಿದನು. ಒಳಕ್ಕೆ ಹೋದ ಆಹಾರದ ಶಕ್ತಿಯೂ, ಶಾಖವಾಗಿ ಮತ್ತು ಕೆಲಸವಾಗಿ ಹೊರಬಂದ ಶಕ್ತಿಯೂ ಒಂದಕ್ಕೊಂದು ಬಹುಮಟ್ಟಿಗೆ ಸರಿಹೋದವು. ಒಂದು ಗ್ರಾಮ್ ಸಸಾರಜನಕಕ್ಕೆ 4 ಕ್ಯಾಲೊರಿ, ಒಂದು ಗ್ರಾಮ್ ಶರ್ಕರಪಿಷ್ಟಕ್ಕೆ 4, ಒಂದು ಗ್ರಾಮ್ ಕೊಬ್ಬಿಗೆ 9 ಎಂದು ಇಂದಿಗೂ ನಾವು ಬಳಸುವ ಅಂಕಗಳು ಆತನ ಸಂಶೋಧನೆಯ ಫಲ. ಆದುದರಿಂದ, ವ್ಯಯವಾಗುವುದಕ್ಕಿಂತ ಕಡಿಮೆ ಶಕ್ತಿಯು ಒಳಹೋಗದ ಹೊರತು ದೇಹದ ಕೊಬ್ಬು ಕರಗಲಾರದು. ಕ್ಯಾಲೊರಿಯು ಭ್ರಮೆಯೆನ್ನುವವರಿಗೆ ಇಷ್ಟೇ ಉತ್ತರ ಸಾಕು.

ಇನ್ನು ಲೆಕ್ಕದ ಪುಸ್ತಕದ ವಿಚಾರ. ಪುಸ್ತಕದಲ್ಲಿ ಬರೆದುದು ನಿಜವಾಗಬೇಕಾದರೆ ಜಮೆಯೂ ಖರ್ಚೂ ಸರಿಯಾಗಿ ತಿಳಿದಿರಬೇಕು. ಜಮೆಯನ್ನೇ ನೋಡೋಣ. ಆಟ್‌ವಾಟರನ ಅಂಕಗಳು ಸರಾಸರಿಯ ಅಂಕಗಳು. ಪ್ರತಿಯೊಂದು ಪದಾರ್ಥಕ್ಕೂ ಅವು ಹೊಂದುವುದಿಲ್ಲ. 2012ರಲ್ಲಿ ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಬಾದಾಮಿಯನ್ನು ತಿಂದವರಲ್ಲಿ ಪರೀಕ್ಷೆ ನಡೆಸಿದಾಗ, ಪಟ್ಟಿಯಂತೆ ಸುಮಾರು 170 ಕ್ಯಾಲೊರಿ ಕೊಡಬೇಕಾಗಿದ್ದ 28 ಗ್ರಾಮ್ ಬಾದಾಮಿಯಿಂದ ದೇಹಕ್ಕೆ ದಕ್ಕಿದುದು 129 ಮಾತ್ರವೆಂದು ತಿಳಿದುಬಂದಿತು. ಬಾದಾಮಿಯ ಕೋಶಗಳ ಗಟ್ಟಿಯಾದ ಭಿತ್ತಿಯೊಳಗೆ ಸಿಕ್ಕಿಬಿದ್ದ ಕೊಬ್ಬಿನ ಒಂದು ಭಾಗವು ಜೀರ್ಣವಾಗದೆ ಹೊರಬಿದ್ದುದೇ ಇದಕ್ಕೆ ಕಾರಣ. ಮನೆಯ ಅಡಿಗೆಯಲ್ಲಂತೂ ಲೆಕ್ಕವು ಇನ್ನೂ ಕಷ್ಟ. ಪಲ್ಯದ ಒಗ್ಗರಣೆಗೆ ಬಿದ್ದ ಎಣ್ಣೆಯಲ್ಲಿ ನಮ್ಮ ಪಾಲಿಗೆ ಬಂದುದು 10 ಗ್ರಾಮೋ 20 ಗ್ರಾಮೋ ಎಂಬುದನ್ನು ಹೇಳುವವರಾರು? ಆ ಒಂದು ಸಂದೇಹದಲ್ಲಿಯೇ 90 ಕ್ಯಾಲೊರಿಗಳ ವ್ಯತ್ಯಾಸವಡಗಿದೆ.

ಖರ್ಚಿನ ಕಡೆಯೂ ಹೀಗೆಯೇ. ಒಂದೇ ವಯಸ್ಸಿನ, ಒಂದೇ ತೂಕದ ಇಬ್ಬರು ಸುಮ್ಮನೆ ಮಲಗಿರುವಾಗಲೂ ಸಮಾನವಾದ ಶಕ್ತಿಯನ್ನು ವ್ಯಯಮಾಡುವುದಿಲ್ಲ. ದಿನಕ್ಕೆ 2,000 ಕ್ಯಾಲೊರಿಗಳ ಲೆಕ್ಕದಲ್ಲಿ ನೂರಕ್ಕೆ ಹತ್ತರಷ್ಟು ತಪ್ಪು ಬಂದರೆ ಅದು 200 ಕ್ಯಾಲೊರಿ. ತೂಕ ಇಳಿಸಲು ಹೊರಟವನು ದಿನಕ್ಕೆ ಉಳಿಸಬೇಕೆಂದಿರುವುದು 300 ಅಥವಾ 400 ಮಾತ್ರ. ತೂಗಬೇಕಾದ ವಸ್ತುವಿನ ಅರ್ಧದಷ್ಟು ದೋಷವುಳ್ಳ ತಕ್ಕಡಿಯನ್ನು ಹಿಡಿದು ವ್ಯಾಪಾರಕ್ಕೆ ಕುಳಿತಂತಾಯಿತು.

ಇದಕ್ಕಿಂತ ಮುಖ್ಯವಾದ ಸಂಗತಿಯೊಂದಿದೆ. 1958ರಲ್ಲಿ ವಿಷ್‌ನಾಫ್‌ಸ್ಕಿ ಎಂಬ ವೈದ್ಯನು, ಒಂದು ಪೌಂಡು ಮೈತೂಕವು 3,500 ಕ್ಯಾಲೊರಿಗಳಿಗೆ ಸಮನೆಂದು ಗಣಿಸಿದನು. ದಿನಕ್ಕೆ 500 ಕ್ಯಾಲೊರಿ ಕಡಿಮೆಮಾಡಿದರೆ ವಾರಕ್ಕೊಂದು ಪೌಂಡು ಇಳಿಯುವುದೆಂಬ ಸೂತ್ರವು ಇದರಿಂದಲೇ ಪ್ರಚಾರಕ್ಕೆ ಬಂದಿತು. ಈ ಸೂತ್ರವನ್ನು ಅಕ್ಷರಶಃ ನಂಬಿದರೆ ಏನಾಗುವುದು? 70 ಕಿಲೋಗ್ರಾಮ್ ಎಂದರೆ 154 ಪೌಂಡು. 154 ವಾರಗಳು ಕಳೆದಾಗ, ಎಂದರೆ ಮೂರು ವರ್ಷ ತುಂಬುವ ಹೊತ್ತಿಗೆ, ಆ ಮನುಷ್ಯನು ಇಲ್ಲವೇ ಆಗಿಹೋಗಬೇಕು! ಹಾಗೆ ಯಾರೂ ಮಾಯವಾಗುವುದಿಲ್ಲ. ತೂಕವು ಇಳಿದಂತೆಲ್ಲ ದೇಹದ ಖರ್ಚೂ ಇಳಿಯುತ್ತದೆ, ಹಸಿವು ಏರುತ್ತದೆ. 2011ರಲ್ಲಿ ಕೆವಿನ್ ಹಾಲ್ ಮತ್ತು ಆತನ ಸಹೋದ್ಯೋಗಿಗಳು ಪ್ರಕಟಿಸಿದ ಗಣನೆಯ ಪ್ರಕಾರ, ದಿನಕ್ಕೆ 24 ಕ್ಯಾಲೊರಿಗಳನ್ನು ಶಾಶ್ವತವಾಗಿ ಕಡಿಮೆಮಾಡಿದವನ ತೂಕವು ಕಟ್ಟಕಡೆಗೆ ಸುಮಾರು 1 ಕಿಲೋಗ್ರಾಮಿನಷ್ಟು ಇಳಿದು ನಿಲ್ಲುತ್ತದೆ. ಅದರ ಅರ್ಧಭಾಗವು ಒಂದು ವರ್ಷದಲ್ಲಿಯೂ, ಬಹುಪಾಲು ಮೂರು ವರ್ಷಗಳಲ್ಲಿಯೂ ಆಗುತ್ತದೆ. ಹಳೆಯ ಸೂತ್ರದಂತೆ ಲೆಕ್ಕಹಾಕಿದರೆ ಆ ಮೂರು ವರ್ಷಗಳಲ್ಲಿ 3 ಕಿಲೋಗ್ರಾಮಿಗೂ ಮಿಕ್ಕಿ ಇಳಿಯಬೇಕಾಗಿತ್ತು. ಅಂಕಗಳನ್ನು ನಿಷ್ಠೆಯಿಂದ ಬರೆದಿಟ್ಟೂ ಫಲ ಕಾಣದ ವಿದ್ಯಾರ್ಥಿಯು ತನ್ನ ಸಂಕಲ್ಪವೇ ದುರ್ಬಲವೆಂದು ಕೊರಗುತ್ತಾನೆ. ದೋಷವು ಆತನಲ್ಲಿಲ್ಲ, ಸೂತ್ರದಲ್ಲಿದೆ.

ಇಲ್ಲಿ ಎದುರುಪಕ್ಷದವರು ಹೇಳತಕ್ಕ ಮಾತೊಂದಿದೆ. ಅದು ಬಲವಾದ ಮಾತೇ ಸರಿ. ಲೆಕ್ಕವಿಡದಿದ್ದರೆ ಮನುಷ್ಯನು ತನ್ನನ್ನು ತಾನೇ ವಂಚಿಸಿಕೊಳ್ಳುತ್ತಾನೆ ಎಂಬುದು ಅವರ ವಾದ. 1992ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಒಂದು ಪರಿಶೋಧನೆಯಲ್ಲಿ, ಎಷ್ಟು ಕಡಿಮೆ ತಿಂದರೂ ತೂಕವಿಳಿಯದೆಂದು ಹೇಳುತ್ತಿದ್ದ ಕೆಲವರನ್ನು ಪರೀಕ್ಷಿಸಲಾಯಿತು. ಅವರು ನಿಜವಾಗಿ ತಿಂದುದರಲ್ಲಿ ನೂರಕ್ಕೆ 47ರಷ್ಟನ್ನು ವರದಿಯಲ್ಲಿ ಬಿಟ್ಟಿದ್ದರು. ತಾವು ಮಾಡಿದ ದೈಹಿಕ ಶ್ರಮವನ್ನು ನೂರಕ್ಕೆ 51ರಷ್ಟು ಹೆಚ್ಚಾಗಿ ತಿಳಿಸಿದ್ದರು. ಆದರೆ ಈ ಸಾಕ್ಷ್ಯವು ಎರಡು ಕಡೆಗೂ ಹರಿಯುವ ಕತ್ತಿ. ಅವರಾರೂ ಲೆಕ್ಕವಿಡದವರಲ್ಲ, ತಿಂದುದನ್ನು ಬರೆದಿಟ್ಟವರೇ. ಬರೆದಿಟ್ಟೂ ಅರ್ಧದಷ್ಟು ತಪ್ಪಿತೆಂದಮೇಲೆ, ಬರೆಯುವುದೊಂದೇ ಸತ್ಯಕ್ಕೆ ದಾರಿಯೆಂದು ಹೇಗೆ ಹೇಳೋಣ? ತಿಂದುದನ್ನು ಗಮನಿಸುವ ಅಭ್ಯಾಸವು ಒಳ್ಳೆಯದೆಂಬಲ್ಲಿ ಸಂದೇಹವಿಲ್ಲ. ಆ ಗಮನವು ಅಂಕಗಳ ರೂಪದಲ್ಲಿಯೇ ಇರಬೇಕೆಂಬ ನಿರ್ಬಂಧವಿಲ್ಲ, ಅಷ್ಟೆ.

ಲೆಕ್ಕವಿಲ್ಲದೆ ತೂಕವಿಳಿಯುವುದೆಂಬುದಕ್ಕೆ ಪ್ರಮಾಣವೇನೆಂದು ವಾಚಕರು ಕೇಳಬಹುದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಗಾರ್ಡ್ನರ್ ಮತ್ತು ಸಂಗಡಿಗರು 609 ಮಂದಿ ವಯಸ್ಕರನ್ನು ಎರಡು ಪಂಗಡಗಳಾಗಿ ಮಾಡಿ, ಒಂದು ಪಂಗಡಕ್ಕೆ ಕೊಬ್ಬನ್ನೂ ಇನ್ನೊಂದಕ್ಕೆ ಶರ್ಕರಪಿಷ್ಟವನ್ನೂ ಕಡಿಮೆಮಾಡುವಂತೆ ತಿಳಿಸಿದರು. ಇದರ ಫಲಿತಾಂಶವು 2018ರಲ್ಲಿ ಪ್ರಕಟವಾಯಿತು. ಯಾರಿಗೂ ಕ್ಯಾಲೊರಿಗಳ ಮಿತಿಯನ್ನು ಗೊತ್ತುಮಾಡಿರಲಿಲ್ಲ. ತರಕಾರಿಯನ್ನು ಹೆಚ್ಚಾಗಿ ತಿನ್ನಿರಿ, ಸಕ್ಕರೆಯನ್ನೂ ನಯವಾದ ಹಿಟ್ಟಿನ ತಿನಿಸುಗಳನ್ನೂ ಬಿಡಿರಿ, ಆದಷ್ಟು ಮನೆಯಲ್ಲಿಯೇ ಅಡಿಗೆ ಮಾಡಿರಿ ಎಂಬ ಬೋಧನೆಯು ಎರಡು ಪಂಗಡಗಳಿಗೂ 22 ತರಗತಿಗಳಲ್ಲಿ ದೊರೆಯಿತು. ಒಂದು ವರ್ಷದ ಕೊನೆಯಲ್ಲಿ ಕೊಬ್ಬು ಬಿಟ್ಟವರ ತೂಕವು ಸರಾಸರಿ 5.3 ಕಿಲೋಗ್ರಾಮ್, ಶರ್ಕರಪಿಷ್ಟ ಬಿಟ್ಟವರದು 6.0 ಕಿಲೋಗ್ರಾಮ್ ಇಳಿದಿದ್ದಿತು. ಯಾರೂ ಹೇಳದಿದ್ದರೂ ಅವರ ಆಹಾರದ ಶಕ್ತಿಯು ದಿನಕ್ಕೆ ಸುಮಾರು 500 ಕ್ಯಾಲೊರಿಗಳಷ್ಟು ತಗ್ಗಿದ್ದಿತು. ನಿಯಮವು ತನ್ನ ಕೆಲಸವನ್ನು ಮಾಡಿತು. ಲೆಕ್ಕವನ್ನು ಹೊಟ್ಟೆಯೇ ಇಟ್ಟುಕೊಂಡಿತು.

ಹೊಟ್ಟೆಯ ಈ ಲೆಕ್ಕವು ಯಾವಾಗ ತಪ್ಪುತ್ತದೆಂಬುದನ್ನೂ ವಿಜ್ಞಾನವು ತೋರಿಸಿಕೊಟ್ಟಿದೆ. 2019ರಲ್ಲಿ ಪ್ರಕಟವಾದ ಹಾಲ್‌ನ ಇನ್ನೊಂದು ಪ್ರಯೋಗದಲ್ಲಿ 20 ಮಂದಿಗೆ ಎರಡು ವಾರ ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ತಿನಿಸುಗಳನ್ನೂ, ಎರಡು ವಾರ ಸಹಜವಾದ ಪದಾರ್ಥಗಳಿಂದ ಮಾಡಿದ ಅಡಿಗೆಯನ್ನೂ ಬಡಿಸಲಾಯಿತು. ಬಡಿಸಿದ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಎರಡರಲ್ಲೂ ಒಂದೇ ಸಮ. ಬೇಕಾದಷ್ಟು ಉಣ್ಣುವ ಸ್ವಾತಂತ್ರ್ಯವೂ ಉಂಟು. ಸಂಸ್ಕರಿಸಿದ ತಿನಿಸಿನ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚಾಗಿ ತಿಂದು 0.9 ಕಿಲೋಗ್ರಾಮ್ ತೂಕ ಗಳಿಸಿದರು. ಸಹಜ ಆಹಾರದ ದಿನಗಳಲ್ಲಿ ಅಷ್ಟನ್ನೇ ಕಳೆದುಕೊಂಡರು.

ಇದನ್ನು ನಮ್ಮ ಊಟದೆಲೆಗೆ ಅನ್ವಯಿಸಿ ನೋಡೋಣ. ನಮ್ಮ ಆಹಾರಗಳ ಶಕ್ತಿಯನ್ನು ತಿಳಿಸುವ ಪಟ್ಟಿಗಳು ನಮಗೆ ಹೊಸವಲ್ಲ. ಕೂನೂರಿನ ಪೋಷಣಾ ಸಂಶೋಧನಾಲಯದ ನಿರ್ದೇಶಕನಾಗಿದ್ದ ಆಯ್ಕ್‌ರಾಯ್ಡ್ 1937ರಲ್ಲಿಯೇ ಅಂತಹ ಪಟ್ಟಿಯನ್ನು ಪ್ರಕಟಿಸಿದನು. ಆ ಸಂಸ್ಥೆಯು 1958ರಲ್ಲಿ ಹೈದರಾಬಾದಿಗೆ ಹೋಯಿತು; ಅಲ್ಲಿಂದ 2017ರಲ್ಲಿ ಹೊಸ ಪಟ್ಟಿಯು ಹೊರಬಂದಿತು. ಅರೆಹೊಟ್ಟೆಯ ಜನಕ್ಕೆ ತಕ್ಕಷ್ಟು ಆಹಾರವನ್ನು ಯೋಜಿಸುವುದು ಮೊದಲ ಪಟ್ಟಿಯ ಮುಖ್ಯ ಉದ್ದೇಶವಾಗಿದ್ದಿತು. ಸಾವಿರ ಮಂದಿಯ ವಿದ್ಯಾರ್ಥಿನಿಲಯಕ್ಕೆ ಸರಾಸರಿಯು ಸಾಕು; ಒಬ್ಬನ ಒಂದು ತುತ್ತನ್ನು ಅಳೆಯಲು ಅದು ಸಾಲದು. ಪಟ್ಟಿಯಿಂದ ನಾವು ಕಲಿಯಬೇಕಾದುದು ಅಂಕವನ್ನಲ್ಲ, ಪ್ರಮಾಣವನ್ನು. ಅಕ್ಕಿಯಾಗಲಿ ರಾಗಿಯಾಗಲಿ 100 ಗ್ರಾಮಿಗೆ 320ರಿಂದ 360 ಕ್ಯಾಲೊರಿ, ಎಣ್ಣೆಯು 900, ಸಕ್ಕರೆಯು 400, ದಂಟಿನ ಸೊಪ್ಪು, ಸೋರೆ, ಸೌತೆ 50ಕ್ಕೂ ಕಡಿಮೆ. ಇಷ್ಟು ತಿಳಿದವನಿಗೆ ಪೂರಿಗಿಂತ ಚಪಾತಿಯು ಮೇಲೆಂದೂ, ಬೋಂಡಕ್ಕಿಂತ ಬೇಯಿಸಿದ ಹೆಸರುಕಾಳು ಮೇಲೆಂದೂ, ಅನ್ನವನ್ನು ಒಂದು ಸೌಟು ಕಡಿಮೆಮಾಡಿ ಹುಳಿಯೊಳಗಿನ ತರಕಾರಿಯನ್ನು ಒಂದು ಸೌಟು ಹೆಚ್ಚಿಸಬೇಕೆಂದೂ, ಸಕ್ಕರೆಯ ಪಾನೀಯಕ್ಕೆ ಬದಲು ನೀರುಮಜ್ಜಿಗೆಯನ್ನು ಕುಡಿಯಬೇಕೆಂದೂ ಬೇರೆ ಹೇಳಬೇಕಾಗಿಲ್ಲ. ಇವುಗಳಲ್ಲಿ ಯಾವುದಕ್ಕೂ ದಿನದಿನದ ಲೆಕ್ಕ ಬೇಡ. ತಿಂಗಳಿಗೆ ಎರಡು ಸಲ ತೂಕದ ಯಂತ್ರವನ್ನು ಹತ್ತಿ ನೋಡಿದರೆ, ದಾರಿಯು ಸರಿಯೋ ತಪ್ಪೋ ಎಂಬುದು ಯಾವ ಪಟ್ಟಿಗಿಂತಲೂ ಚೆನ್ನಾಗಿ ತಿಳಿಯುವುದು.

ಹಾಗಾದರೆ ಲೆಕ್ಕವು ಯಾರಿಗೂ ಬೇಡವೆ? ಬೇಕು, ಆದರೆ ಕೆಲವರಿಗೆ. ತೂಕದ ಮಿತಿಯೊಳಗೆ ಸ್ಪರ್ಧಿಸುವ ಕುಸ್ತಿಪಟುವಿಗೆ ಅದು ಉಪಯುಕ್ತ. ಇನ್‌ಸುಲಿನ್ ತೆಗೆದುಕೊಳ್ಳುವ ಮಧುಮೇಹಿಗೆ ಶರ್ಕರಪಿಷ್ಟದ ಎಣಿಕೆಯು ವೈದ್ಯರ ಆಜ್ಞೆಯೇ ಆಗಿರಬಹುದು. ಉಳಿದವರೂ ಒಂದೆರಡು ವಾರ ಲೆಕ್ಕವಿಟ್ಟು ನೋಡಿದರೆ, ತಾವು ಅಲ್ಪವೆಂದು ತಿಳಿದ ತಿನಿಸು ಅಲ್ಪವಲ್ಲವೆಂಬ ಅರಿವು ಮೂಡುವುದು. ಅಷ್ಟು ಕಲಿತ ಮೇಲೆ ಪುಸ್ತಕವನ್ನು ಮುಚ್ಚಬಹುದು. ಲೆಕ್ಕವು ಪಾಠಶಾಲೆಯಾಗಬೇಕೇ ಹೊರತು ಸೆರೆಮನೆಯಾಗಬಾರದು.

ಸೆರೆಮನೆಯೆಂಬ ಮಾತನ್ನು ನಾವು ಬೆದರಿಸಲೆಂದು ಹೇಳಿದುದಲ್ಲ. 1944–45ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ ಎಂಬಾತನು ಸ್ವಯಂಸೇವಕರಾಗಿ ಬಂದ 36 ಮಂದಿ ಆರೋಗ್ಯವಂತ ತರುಣರಿಗೆ ಆರು ತಿಂಗಳ ಕಾಲ ದಿನಕ್ಕೆ ಸುಮಾರು 1,570 ಕ್ಯಾಲೊರಿ ಮಾತ್ರ ಕೊಟ್ಟು, ವಾರಕ್ಕೆ 35 ಕಿಲೋಮೀಟರಿನಷ್ಟು ನಡೆಸಿದನು. ಅವರ ತೂಕವು ಕಾಲುಭಾಗದಷ್ಟು ಇಳಿಯಿತು. ಜೊತೆಗೆ ಅವರ ಮನಸ್ಸೂ ಬಡವಾಯಿತು: ಓದು, ಸ್ನೇಹ, ವಿನೋದ ಎಲ್ಲದರಲ್ಲಿಯೂ ಆಸಕ್ತಿ ತಪ್ಪಿ, ಹಗಲಿರುಳೂ ಊಟದ ಧ್ಯಾನವೇ ಹತ್ತಿತು, ಅಡಿಗೆಯ ಪುಸ್ತಕಗಳನ್ನು ಕೂಡಿಹಾಕಿ ಓದಲು ತೊಡಗಿದವರೂ ಇದ್ದರು. ಇಂದು ತೂಕ ಇಳಿಸುವ ಪಥ್ಯಗಳಲ್ಲಿ 1,500 ಎಂಬ ಅಂಕವು ಸಾಮಾನ್ಯವಾಗಿದೆ. ಕುಳಿತು ಕೆಲಸಮಾಡುವ ಪ್ರೌಢರೊಬ್ಬರಿಗೆ ಹಿತವಾದ ಆ ಅಂಕವು ಬೆಳೆಯುತ್ತಿರುವ, ಓಡಾಡುವ ಹುಡುಗನಿಗೆ ಅರೆಹೊಟ್ಟೆಯೇ ಆದೀತು. ಮೂಳೆಯೂ ಸ್ನಾಯುವೂ ಇನ್ನೂ ಬೆಳೆಯುತ್ತಿರುವ ವಯಸ್ಸಿನಲ್ಲಿ, ವೈದ್ಯರ ಸಲಹೆಯಿಲ್ಲದೆ ಅಂಕವೊಂದನ್ನು ಗೆರೆಯಾಗಿ ಎಳೆದುಕೊಂಡು ಅದರೊಳಗೆ ಬಾಳುವುದು ಅಪಾಯಕರ. ನಿಮ್ಮ ಸಹಪಾಠಿಯಾರಾದರೂ ಎಣಿಕೆಯ ಗೀಳು ಹತ್ತಿ ಊಟಕ್ಕೆ ಅಂಜತೊಡಗಿದ್ದರೆ, ಅದನ್ನು ಶಿಸ್ತೆಂದು ಹೊಗಳದೆ ಮನೆಯವರಿಗೂ ವೈದ್ಯರಿಗೂ ತಿಳಿಸುವುದು ಸ್ನೇಹಧರ್ಮ.

ಊಟ ಬಲ್ಲವನಿಗೆ ರೋಗವಿಲ್ಲವೆಂಬುದು ನಮ್ಮ ಗಾದೆ. ಎಣಿಸಬಲ್ಲವನಿಗೆ ಎಂದು ನಮ್ಮ ಹಿರಿಯರು ಹೇಳಲಿಲ್ಲ. ಕ್ಯಾಲೊರಿಯನ್ನು ಅರಿಯುವುದು ವಿದ್ಯಾವಂತರೆಲ್ಲರ ಕರ್ತವ್ಯ. ಅದನ್ನು ಪ್ರತಿದಿನ ಎಣಿಸುವುದು ಕೆಲವರ ಅಗತ್ಯ ಮಾತ್ರ. ಎಲೆಯ ಮೇಲೆ ಏನಿರಬೇಕೆಂಬುದನ್ನು ಸರಿಪಡಿಸಿಕೊಂಡವನಿಗೆ ಎಷ್ಟೆಂಬುದು ಬಹುಮಟ್ಟಿಗೆ ತಾನಾಗಿಯೇ ಸರಿಹೋಗುವುದು.