ಬಿರುದು ಬಂತು, ಬಲ ಬಂತೇ?



2004ರಲ್ಲೇ ತಮಿಳಿಗೆ ಶಾಸ್ತ್ರೀಯ ಸ್ಥಾನ ಸಿಕ್ಕಿತು. ಕ್ರಿ.ಶ. 450ರ ಸುಮಾರಿನ ಹಲ್ಮಿಡಿ ಶಾಸನವುಳ್ಳ ಕನ್ನಡ ಮಾತ್ರ 2008ರ ಅಕ್ಟೋಬರ್ 31ರವರೆಗೆ ದಿಲ್ಲಿಯ ಬಾಗಿಲು ಕಾಯಬೇಕಾಯಿತು! ಚೆನ್ನೈನಲ್ಲಿ ತಮಿಳಿಗೆ ಸ್ವಾಯತ್ತ ಸಂಸ್ಥೆ; ನಮ್ಮ ಶಾಸ್ತ್ರೀಯ ಕನ್ನಡ ಕೇಂದ್ರವನ್ನು 2011ರಲ್ಲಿ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಅಡಿಯಲ್ಲಿ ತೆರೆದರು. ಇದು ಮಲತಾಯಿ ಧೋರಣೆಯಲ್ಲವೇ?

ದಿಲ್ಲಿಯನ್ನು ಬೈದು ಕೂತರೆ ಸಾಕೇ? 1915ರಲ್ಲಿ ಹುಟ್ಟಿದ ಸಾಹಿತ್ಯ ಪರಿಷತ್ತು ನಮ್ಮ ಚಾಮರಾಜಪೇಟೆಯಲ್ಲೇ ಇದೆ. ಅದು ಹೊರತಂದ ನಿಘಂಟಿನ ಎಂಟು ಸಂಪುಟಗಳಲ್ಲಿ ಒಂದನ್ನಾದರೂ ನೀವು ತೆರೆದಿದ್ದೀರಾ? ಗಾಂಧಿ ಬಜಾರಿನಲ್ಲಿ ರಾಜ್ಯೋತ್ಸವಕ್ಕೆ ಬಾವುಟ ಕಟ್ಟುವ ನಾವು ಮಕ್ಕಳಿಗೆ ಪಂಪನ ಒಂದು ಪದ್ಯ ಓದಿಸದಿದ್ದರೆ, ಈ ಪಟ್ಟ ಗೋಡೆಗೆ ತೂಗುಹಾಕಿದ ಫೋಟೋ ಅಷ್ಟೇ.

ದಿಲ್ಲಿಯಿಂದ ಸಮಪಾಲು ಕೇಳೋಣ, ಜಗ್ಗದೆ ಕೇಳೋಣ. ಹಳಗನ್ನಡದ ಓದು ಮಾತ್ರ ಇಂದೇ, ನಮ್ಮ ಮನೆಯಲ್ಲೇ ಶುರುವಾಗಲಿ!