ಕೈತೋಟ: ಕೇಪಳಕ್ಕೆ ಸುಣ್ಣವಾಗದು

ಕರಾವಳಿಯ ಗುಡ್ಡಗಳಲ್ಲಿ ಯಾರೂ ನೆಡದೆ, ನೀರೆರೆಯದೆ, ಮುರಕಲ್ಲಿನ ಸಂದಿನಲ್ಲಿ ಬೆಳೆದು ಕೆಂಡದಂತಹ ಗೊಂಚಲುಗಳನ್ನು ಹೊರುವ ಕೇಪಳವು ಬಯಲುಸೀಮೆಯ ಅಂಗಳಕ್ಕೆ ಬಂದೊಡನೆ ಸೊರಗುವುದೇಕೆ? ಊರು ಬಿಟ್ಟು ಬಂದು ಮೈಸೂರು, ಬೆಂಗಳೂರುಗಳಲ್ಲಿ ನೆಲೆಸಿದ ಗೃಹಸ್ಥರು ಆಗಾಗ ಕೇಳುವ ಪ್ರಶ್ನೆಯಿದು. ದೇವರ ಪೂಜೆಗೆ ಒದಗಲೆಂದು ಅಕ್ಕರೆಯಿಂದ ಗಿಡವನ್ನು ತಂದಿರುತ್ತಾರೆ. ನೀರಿಗಾಗಲಿ ಗೊಬ್ಬರಕ್ಕಾಗಲಿ ಕೊರತೆಯಿರುವುದಿಲ್ಲ. ಆದರೂ ವರ್ಷ ತುಂಬುವಷ್ಟರಲ್ಲಿ ಎಳೆಯ ಎಲೆಗಳು ಹಳದಿಯಾಗಿ, ನರಗಳು ಮಾತ್ರ ಹಸುರಾಗಿ ಉಳಿಯುತ್ತವೆ. ಹೂವಿನ ಮಾತಂತೂ ದೂರ.

ನಮ್ಮ ಮನೆಯಲ್ಲಿಯೂ ಹೀಗೆಯೇ ಆಯಿತು. ಆವರಣದ ಗೋಡೆಯ ಮಗ್ಗುಲಲ್ಲಿ ಎರಡು ಗಿಡಗಳನ್ನು ನೆಟ್ಟಿದ್ದೆವು. ಎಲೆ ಬಿಳಿಚಿದುದನ್ನು ಕಂಡು, ಗಿಡಕ್ಕೆ ಸಾರ ಸಾಲದೆಂದು ಭಾವಿಸಿ, ಬಚ್ಚಲೊಲೆಯ ಬೂದಿಯನ್ನು ಬೊಗಸೆಗಟ್ಟಲೆ ಬುಡಕ್ಕೆ ಹಾಕಿದೆನು. ಬಾಳೆಗೆ ಒಗ್ಗುವ ಬೂದಿ ಇದಕ್ಕೇಕೆ ಒಗ್ಗಬಾರದೆಂಬುದು ನನ್ನ ತರ್ಕ. ಎರಡರಲ್ಲಿ ಒಂದು ಆ ಬೇಸಗೆಯಲ್ಲಿಯೇ ಒಣಗಿತು. ಇನ್ನೊಂದರ ಬುಡವನ್ನು ಅಗೆದಾಗ, ಗೋಡೆ ಕಟ್ಟಿದವರು ಹೂತುಬಿಟ್ಟಿದ್ದ ಗಾರೆಯ ಚೂರುಗಳೂ ಸಿಮೆಂಟಿನ ಹೆಂಟೆಗಳೂ ಬುಟ್ಟಿ ತುಂಬ ದೊರೆತವು.

ಕೇಪಳವು ಹುಳಿ ಮಣ್ಣಿನ ಗಿಡ. ಕರಾವಳಿಯ ಜಡಿಮಳೆಯು ನೆಲದೊಳಗಿನ ಸುಣ್ಣದ ಅಂಶವನ್ನು ತೊಳೆದುಬಿಡುತ್ತದೆ. ಅಲ್ಲಿನ ಕೆಂಪು ನೆಲ ಇದಕ್ಕೆ ತವರು. ಸುಣ್ಣ ಹೆಚ್ಚಿದ ಮಣ್ಣಿನಲ್ಲಾದರೋ ಕಬ್ಬಿಣವಿದ್ದರೂ ಬೇರುಗಳು ಅದನ್ನು ಹೀರಲಾರವು. ಉಗ್ರಾಣ ತುಂಬಿದ್ದು ಬೀಗದ ಕೈ ಕಳೆದಂತೆ. ಬೂದಿಯೂ ಸುಣ್ಣದ ಪಕ್ಷದ್ದೇ ಎಂಬುದನ್ನು ನಾನು ತಡವಾಗಿ ತಿಳಿದೆನು. ಗಡುಸಾದ ಕೊಳವೆಬಾವಿಯ ನೀರೂ ದಿನದಿನವೂ ಅದನ್ನೇ ಕೂಡಿಸುತ್ತಿರುತ್ತದೆ.

ಆದುದರಿಂದ ಗೋಡೆಯಿಂದ ಮೂರು ಅಡಿಯಾದರೂ ದೂರದಲ್ಲಿ, ಅರ್ಧ ದಿನದ ಬಿಸಿಲು ಬೀಳುವಲ್ಲಿ, ಎರಡಡಿ ಆಳದ ಗುಂಡಿ ತೆಗೆಯತಕ್ಕದ್ದು. ಕೆಂಪು ಮಣ್ಣು, ಚೆನ್ನಾಗಿ ಕಳಿತ ಎಲೆಗೊಬ್ಬರ, ಸ್ವಲ್ಪ ಮರಳು ಇವಿಷ್ಟು ಸಾಕು. ನೀರು ನಿಲ್ಲಬಾರದು. ಮಾಡಿನ ಮಳೆನೀರನ್ನು ಹಿಡಿದಿಡುವ ಮನೆಯವರು ಅದರಲ್ಲಿ ಒಂದು ಪಾಲನ್ನು ಇದಕ್ಕೆ ಮೀಸಲಿಡಲಿ. ಈಗಾಗಲೇ ಹಳದಿಯಾದ ಗಿಡಕ್ಕೆ, ಒಂದು ಲೀಟರು ನೀರಿನಲ್ಲಿ 5 ಗ್ರಾಂ ಅನ್ನಭೇದಿಯನ್ನು ಕರಗಿಸಿ ಸಂಜೆಯ ಹೊತ್ತು ಎಲೆಗಳ ಮೇಲೆ ಸಿಂಪಡಿಸಬಹುದು. ಇದು ಹೊತ್ತಿನ ಚಿಕಿತ್ಸೆಯೇ ಹೊರತು ಮಣ್ಣಿನ ದೋಷವನ್ನು ಕಳೆಯಲಾರದು. ನೆಲದ ಹಾಸುಗಲ್ಲಿಗೆ ತಗಲಿದರೆ ತುಕ್ಕಿನ ಕಲೆ ಉಳಿದೀತು, ಎಚ್ಚರ.

ಗಿಡಕ್ಕಾಗಿ ಗುಡ್ಡವನ್ನು ಅಗೆಯಬೇಡಿರಿ. ಕಲ್ಲಿನ ಸಂದಿನಲ್ಲಿ ಹೊಕ್ಕ ಬೇರು ಕಿತ್ತಾಗ ಹರಿಯುತ್ತದೆ. ತಂದ ಗಿಡ ಉಳಿಯುವುದು ಅಪರೂಪ, ಗುಡ್ಡವೂ ಬರಿದು. ಮಳೆಗಾಲದಲ್ಲಿ ಅರೆಬಲಿತ ಕೊಂಬೆಯನ್ನು ಅರ್ಧ ಗೇಣಿನಷ್ಟು ಕತ್ತರಿಸಿ ನೆರಳಿನಲ್ಲಿ ಊರಿದರೆ ಒಂದೆರಡು ತಿಂಗಳಲ್ಲಿ ಬೇರು ಬಿಟ್ಟೀತು. ಹಣ್ಣಿನ ಬೀಜದಿಂದಲೂ ಸಸಿ ಏಳುತ್ತದೆ, ತಾಳ್ಮೆಯಿರಬೇಕು. ಹೂವು ಕೊಂಬೆಯ ತುದಿಯಲ್ಲಿಯೇ ಬರುವುದರಿಂದ ಬೇಲಿಯಂತೆ ಸದಾ ತಲೆ ಸವರುವವರಿಗೆ ಬರಿಯ ಹಸುರೇ ಗತಿ. ಗೊಂಚಲು ಬಾಡಿದ ಮೇಲೆ ಒಮ್ಮೆ ಕತ್ತರಿಸಿದರೆ ಸಾಕು.

ಪೇಟೆಯ ಸಸಿಮಾರುವವರು ಇದನ್ನು ಇಕ್ಸೋರಾ ಎನ್ನುವುದನ್ನು ಕೇಳಿ ಇದು ಪರದೇಶದ ಗಿಡವೆಂದು ಹಲವರು ತಿಳಿದಿದ್ದಾರೆ. 1753ರಲ್ಲಿ ಸ್ವೀಡನ್ನಿನ ಲಿನ್ನೇಯಸನು ಇಟ್ಟ ಆ ಹೆಸರು ನಮ್ಮ ಈಶ್ವರ ಶಬ್ದದ ಪೋರ್ತುಗೀಜ್ ರೂಪದಿಂದ ಬಂದುದು. ಗಿಡವಾದರೋ ದಕ್ಷಿಣ ಭಾರತ ಮತ್ತು ಸಿಂಹಳದ್ದೇ, ಕಾಫಿಯ ಕುಲದ್ದು.

ನಮ್ಮ ಉಳಿದ ಗಿಡವನ್ನು ಸ್ಥಳ ಬದಲಿಸಿ ನೆಟ್ಟೆವು. ಎರಡು ಮಳೆಗಾಲ ಕಳೆದ ಮೇಲೆ ಒಂದು ಗೊಂಚಲು ಅರಳಿತು. ಮೊದಲ ಹೂ ದೇವರಿಗೆಂದು ಮನೆಯಾಕೆ ಹರಿವಾಣ ಹಿಡಿದು ಹೋಗುವಷ್ಟರಲ್ಲಿ, ಮಕ್ಕಳು ಒಂದೊಂದೇ ಹೂವಿನ ನಡುವಿನ ಎಳೆಯನ್ನು ಸೆಳೆದು ಜೇನು ಹೀರಿ ಮುಗಿಸಿದ್ದರು.